ಎರಡು ಕತ್ತರಿಗಳ ಮನೆಯ ಮರಸೇಬು

"ಟೇಪು ಬಿಗಿಯಾಗಿ ಹಿಡೀರಿ ಅಂದ್ರೆ ಆಕಾಶ ನೋಡ್ತಾ ನಿಂತಿದ್ದೀರಲ್ಲ!" ಎಂದು ಹೆಂಡತಿ ಗದರಿದಾಗ ಕ್ಷೌರಿಕ ಆಕಾಶವನ್ನೇನೂ ನೋಡುತ್ತಿರಲಿಲ್ಲ. ತಲೆಯಿಂದ ಎರಡು ಮೊಳ ಮೇಲಿದ್ದ ಮರಸೇಬಿನ ಕೊಂಬೆಯಲ್ಲಿ ಏನೋ ಬೆಳ್ಳಗೆ ಕಂಡಂತಾಗಿ ಕತ್ತು ಚಾಚಿದ್ದ.

ಹೆಂಡತಿ ದರ್ಜಿ. ಎರಡು ಹೊಲಿಗೆ ಮಿಷನ್ನುಗಳೂ ಹಜಾರದಲ್ಲೇ ಇದ್ದವು. ಊಟದ ಮೇಜಿನ ತುಂಬ ಬಟ್ಟೆ, ತಟ್ಟೆಯಲ್ಲಿ ದಾರದ ಎಳೆ, ಕುರ್ಚಿಯಲ್ಲಿ ಎಲ್ಲೋ ಬಿದ್ದ ಗುಂಡುಸೂಜಿ ಯಾರಿಗೋ ಚುಚ್ಚುವುದು. ಹಿತ್ತಲಲ್ಲಿ ಒಂದು ಕೋಣೆ ಬೇಕೆಂದು ಅವಳು ಐದು ವರ್ಷದಿಂದ ಕೇಳುತ್ತಿದ್ದುದರಲ್ಲಿ ಅನ್ಯಾಯವೇನೂ ಇರಲಿಲ್ಲ. ಜಾಗವೂ ಇತ್ತು, ಈಗ ಮೂಲೆಮೂಲೆಗೆ ಗೂಟ ನೆಟ್ಟು ಅಳೆಯುತ್ತಿದ್ದುದು ಅದನ್ನೇ. ಆದರೆ ಆ ಜಾಗದ ನಟ್ಟನಡುವೆ ಅವಳ ಅತ್ತೆಯ ಮರ ನಿಂತಿತ್ತು. ಹನ್ನೊಂದು ವರ್ಷವಾದರೂ ಒಂದು ಹೂವಿನ ಮುಖ ಕಂಡಿರದ ಮರ.

ಅತ್ತೆ ತನ್ನ ತವರುಮನೆ ಮಾರಿಹೋದ ದಿನ ಅಲ್ಲಿಂದ ತಂದದ್ದು ಒದ್ದೆ ಬಟ್ಟೆಯಲ್ಲಿ ಸುತ್ತಿದ ಗೇಣುದ್ದದ ಮೂರು ಕಡ್ಡಿಗಳನ್ನು ಮಾತ್ರ. ಹಿತ್ತಲಲ್ಲಿ ತಾನಾಗಿ ಎದ್ದಿದ್ದ ಕಾಡು ಮರಸೇಬಿನ ಗಿಡವೊಂದಕ್ಕೆ ತಾನೇ ಕಸಿ ಕಟ್ಟಿದ್ದಳು. ಎರಡು ಒಣಗಿ ಒಂದು ಚಿಗುರಿತು. "ನಮ್ಮ ತಾತನ ಕಾಲದ ತಳಿ. ಈಗ ಯಾವ ಅಂಗಡಿಯಲ್ಲೂ ಸಿಗಲ್ಲ. ತಟ್ಟೆಗೆ ಹಾಕಿದ್ರೆ ಕೆಂಪಗೆ, ಮಾಣಿಕ್ಯದ ಹಾಗೆ ಇರುತ್ತೆ" ಎಂದು ಹೇಳಿ ಹೇಳಿ ಅವಳ ಬಾಯಿ ಸೋತಿತ್ತು, ಕೇಳಿ ಕೇಳಿ ಸೊಸೆಯ ಕಿವಿ ಸೋತಿತ್ತು. ಕೊನೆಗೆ ಅತ್ತೆಯೇ ಮಾತು ಕೊಟ್ಟಳು. "ಈ ವರ್ಷ ಬಾಯಿಗೆ ರುಚಿಯಾದ ಒಂದು ಹಣ್ಣು ಕೊಡದಿದ್ರೆ ಕಡಿಸಿಬಿಡಮ್ಮ. ಕೊಡಲಿ ನಾನೇ ತಂದುಕೊಡ್ತೀನಿ." ನಗುತ್ತಲೇ ಹೇಳಿದ್ದಳು. ಆ ಸಂಜೆ ಮಾತ್ರ ಹೊಟ್ಟೆ ಸರಿಯಿಲ್ಲವೆಂದು ಊಟಕ್ಕೆ ಏಳಲಿಲ್ಲ.

ಕ್ಷೌರಿಕ ಟೇಪು ಕೆಳಗೆ ಹಾಕಿ, ಸ್ಟೂಲು ತಂದು ಹತ್ತಿದ. ಹೂವೇ! ಒಂದಲ್ಲ, ಗೊಂಚಲು ಗೊಂಚಲು. "ಅಮ್ಮಾ!" ಎಂದು ಕೂಗಬೇಕೆಂದವನು ಕೂಗದೆ ಕೊಂಬೆಯನ್ನು ಹತ್ತಿರಕ್ಕೆ ಬಗ್ಗಿಸಿದ.

ನೀಳವಾಗಿ ಬೆಳೆದ ಅಂದದ ರೆಂಬೆಗಳಲ್ಲಿ ಒಂದು ಹೂವೂ ಇರಲಿಲ್ಲ. ಇದ್ದದ್ದೆಲ್ಲ ಬೆರಳಿನ ಗೆಣ್ಣಿನಂತೆ ಗಂಟುಗಂಟಾದ, ಮೋಟು ಕಡ್ಡಿಗಳ ತುದಿಯಲ್ಲಿ. ಆ ಮೋಟುಗಳ ಪರಿಚಯ ಅವನಿಗೆ ಚೆನ್ನಾಗಿತ್ತು. ಕೊಂಬೆಗೆ ಕುರುಚಲು ಗಡ್ಡ ಬಂದ ಹಾಗೆ ಕಾಣುತ್ತವೆಂದು ಪ್ರತಿ ಚಳಿಗಾಲದಲ್ಲೂ ಅಂಗಡಿಯ ರಜದ ದಿನ ಕೂತು, ಒಂದೂ ಬಿಡದಂತೆ ನುಣ್ಣಗೆ ಕತ್ತರಿಸಿ ಮರಕ್ಕೆ ಕ್ರಾಪು ಹೊಡೆಯುತ್ತಿದ್ದವನು ಅವನೇ. ಎರಡು ವರ್ಷದ ಹಿಂದೆ ಅಂಗಡಿಯಲ್ಲಿ, ತಾನೇ ಕತ್ತರಿಸಿದ ಕೂದಲಿನ ಮೇಲೆ ಕಾಲಿಟ್ಟು ಜಾರಿ ಬಿದ್ದು ಬಲಭುಜ ಮುರಿದುಕೊಂಡಿದ್ದ. ಕೈ ಭುಜದಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಗಿರಾಕಿಗಳನ್ನು ಮೋಟು ಕುರ್ಚಿಯಲ್ಲಿ ಕೂರಿಸಿ ಹೇಗೋ ಸುಧಾರಿಸಿದ. ಮರವನ್ನು ಕೂರಿಸುವುದು ಹೇಗೆ? ಅದು ಎರಡು ಚಳಿಗಾಲ ಕೆದರಿದ ತಲೆಯಲ್ಲೇ ಉಳಿದಿತ್ತು.

ಒಳಗೆ ಹೋಗಿ ತಾಯಿಯ ಎದುರು ನಿಂತ. ನಲವತ್ತೆಂಟು ವರ್ಷದ ಗಂಡಸು ಪಾಠ ಒಪ್ಪಿಸುವವನ ಹಾಗೆ ಕೈ ಕಟ್ಟಿಕೊಂಡ. "ಅಮ್ಮಾ, ಮರದ್ದೇನೂ ತಪ್ಪಿಲ್ಲ. ಹೂ ಬರೋ ಜಾಗಾನೆಲ್ಲ ಇಷ್ಟು ವರ್ಷ ನಾನೇ ಕತ್ತರಿಸಿ ಹಾಕ್ತಿದ್ದೆ."

ತಾಯಿ ಹೊರಗೆ ಬಂದು ಹೂವನ್ನು ನೋಡಿದಳು, ಮಗನನ್ನು ನೋಡಿದಳು. "ಪ್ರತಿ ಸಲ ಕುರ್ಚಿ ಹಾಕ್ಕೊಂಡು ಕೂತು, 'ಎಷ್ಟು ಲಕ್ಷಣವಾಗಿ ಮಾಡಿದೀಯೋ ಮಗಾ' ಅಂತ ಹೊಗಳಿದ್ದು ಯಾರು? ನಾನೇ ಅಲ್ವೇನೋ!" ನಕ್ಕಳು ನಕ್ಕಳು, ಕೆಮ್ಮು ಬರುವವರೆಗೂ ನಕ್ಕಳು. "ನಮ್ಮಪ್ಪ ತವರಿನ ಆ ಮರಕ್ಕೆ ಒಂದು ದಿನವೂ ಕತ್ತರಿ ಮುಟ್ಟಿಸಲಿಲ್ಲ. ಸೋಮಾರಿ ಅಂತ ಅಮ್ಮ ಬೈತಿದ್ಲು. ಪಾಪ, ಸುಮ್ಮನೆ ಬೈಸಿಕೊಂಡ."

"ಹೂವೇನೋ ಬಂತು. ಮಾತು ಹಣ್ಣಿನದು" ಎಂದಳು ಸೊಸೆ, ಟೇಪು ಸುತ್ತುತ್ತಾ. ಆದರೆ ನೆಟ್ಟ ಗೂಟಗಳನ್ನು ಕೀಳಲಿಲ್ಲ.

ಬೇಸಿಗೆ ಕಳೆಯಿತು. ಗಾಳಿಗೆ ಅರ್ಧ ಉದುರಿ, ಹಕ್ಕಿಗಳ ಪಾಲು ಹೋಗಿ, ಎಲೆ ಹಳದಿಯಾಗುವ ಹೊತ್ತಿಗೆ ಒಂದು ಬುಟ್ಟಿ ತುಂಬುವಷ್ಟು ಉಳಿದವು. ಕೆಂಪೂ ಇಲ್ಲ, ಮಾಣಿಕ್ಯವೂ ಇಲ್ಲ. ಒರಟು ಸಿಪ್ಪೆಯ, ಕಂದು ಹಸಿರಿನ ಗುಂಡುಗಳು. ಅತ್ತೆ ಕೈ ತೊಳೆಯಲು ಹೋದಾಗ ಸೊಸೆ ಒಂದನ್ನು ತೆಗೆದು ಕಚ್ಚಿದಳು. ದವಡೆ ಹಿಡಿದುಕೊಂಡು, "ಇದೇನ್ರೀ ಇದು, ಹಣ್ಣೋ, ತೂಕದ ಕಲ್ಲೋ?" ಎಂದಳು. ಕ್ಷೌರಿಕನೂ ಕಚ್ಚಿದ. ಬಾಯೆಲ್ಲ ಒಗರು. ಉಗುಳಲಾಗದೆ, ನುಂಗಲಾಗದೆ ಹೆಂಡತಿಯ ಮುಖ ನೋಡಿದ. ಕೊಡಲಿ ಕಣ್ಣಮುಂದೆ ಬಂತು.

"ಅಯ್ಯೋ, ಹಸೀದು ತಿನ್ನೋದಾ!" ಅತ್ತೆ ಬಾಗಿಲಲ್ಲೇ ಹಣೆ ಚಚ್ಚಿಕೊಂಡಳು. "ಇದು ಬೇಯಿಸೋ ಮರಸೇಬು. ನೂರು ದಿನ ಇಟ್ರೂ ತಾನಾಗಿ ಮೆತ್ತಗಾಗಲ್ಲ."

"ಹನ್ನೊಂದು ವರ್ಷದಲ್ಲಿ ಒಂದು ಸಲನಾದ್ರೂ ಹೇಳಿದ್ರಾ ಅತ್ತೆ?"

"ಇದನ್ನ ಬೇರೆ ಹೇಳಬೇಕಾ!"

ಸಿಪ್ಪೆ ಹೆರೆದು, ತೊಟ್ಟು ಹಾಗೇ ಬಿಟ್ಟು, ಇಡಿಯ ಹಣ್ಣುಗಳನ್ನು ದಪ್ಪ ತಳದ ಪಾತ್ರೆಯಲ್ಲಿ ನಿಲ್ಲಿಸಿ, ನೀರು, ಸಕ್ಕರೆ, ಒಂದು ತುಂಡು ಚಕ್ಕೆ ಹಾಕಿ ಅತ್ತೆ ಒಲೆಯನ್ನು ಸಣ್ಣಗೆ ಮಾಡಿದಳು. ಒಂದು ಗಂಟೆ ಕಳೆದ ಮೇಲೆ ಸೊಸೆ ಮುಚ್ಚಳ ತೆಗೆದು ಹೊಲಿಗೆ ಸೂಜಿಯಿಂದ ಚುಚ್ಚಿದಳು. "ಇನ್ನೂ ಕಲ್ಲು." ಎರಡು ಗಂಟೆಗೆ ಮತ್ತೆ ಚುಚ್ಚಿದಳು. "ಕಲ್ಲೇ. ಬಣ್ಣ ಮಾತ್ರ ಸ್ವಲ್ಪ ನಾಚಿಕೊಂಡಿದೆ." ಮೂರನೆಯ ಗಂಟೆಗೆ ಮಿಷನ್ನಿನ ಸದ್ದು ತಾನಾಗಿ ನಿಂತಿತು. ಮನೆಯೆಲ್ಲ ಘಮ್ಮೆನ್ನುತ್ತಿತ್ತು. ನಾಲ್ಕನೆಯ ಗಂಟೆಗೆ ಸೂಜಿ ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಪಾತ್ರೆಯೊಳಗಿನ ಕೆಂಪನ್ನು ನೋಡಲು ಮೂವರೂ ಬಗ್ಗಿದರು.

ಸೊಸೆ ಪೂರ್ತಿ ತಿಂದಳು. ಬಟ್ಟಲಿನ ರಸವನ್ನು ಚಮಚದಿಂದ ಕೆರೆದಳು. ಅತ್ತೆ ತನ್ನದನ್ನು ಇನ್ನೂ ಮುಟ್ಟಿರಲಿಲ್ಲ, ಸೊಸೆಯ ಮುಖವನ್ನೇ ನೋಡುತ್ತಿದ್ದಳು. ಬಟ್ಟಲು ಕೆಳಗಿಟ್ಟು ಸೊಸೆ ಮೊಳೆಗೆ ತೂಗುಹಾಕಿದ್ದ ಟೇಪು ತೆಗೆದುಕೊಂಡಳು. "ರೀ, ಬನ್ನಿ ಹೊರಗೆ."

ಹಿತ್ತಲಲ್ಲಿ ಅವಳು ಗೂಟಗಳನ್ನು ಒಂದೊಂದಾಗಿ ಕಿತ್ತು ಗೋಡೆಯ ಕಡೆಗೆ ಸರಿಸಿದಳು. "ಮಿಷನ್ ಅಕ್ಕಪಕ್ಕ ಬೇಡ, ಎದುರುಬದುರು ಹಾಕ್ಕೊಳ್ತೀನಿ. ಕೋಣೆ ಇಕ್ಕಟ್ಟಾಗುತ್ತೆ, ಆಗಲಿ. ಕಿಟಕಿ ಮಾತ್ರ ಈ ಕಡೆಗೇ ಇರಬೇಕು."

ಒಳಗಿನಿಂದ ಬಟ್ಟಲಿಗೆ ಚಮಚ ತಾಗಿದ ಸದ್ದು ಕೇಳಿತು.

ಕ್ಷೌರಿಕ ಮರದ ಬುಡದಲ್ಲಿ ನಿಂತಿದ್ದ. ಭುಜ ಈಗ ಪೂರ್ತಿ ವಾಸಿಯಾಗಿತ್ತು. ಕೆದರಿದ ರೆಂಬೆಯೊಂದು ಅವನ ಕಿವಿಗೆ ತಾಗಿತು, ಅದರ ತುಂಬ ಗಂಟುಗಂಟು ಮೋಟುಗಳು. ಅವನ ಬಲಗೈ ತಾನಾಗಿ ಮೇಲೆದ್ದಿತು, ಎರಡು ಬೆರಳು ಗಾಳಿಯಲ್ಲಿ ಕತ್ತರಿಯಾಡಿದವು.

"ಲೋ!" ಎಂದು ಅಡುಗೆಮನೆಯ ಕಿಟಕಿಯಿಂದ ತಾಯಿ ಕೂಗಿದಳು.

ಹೆಂಡತಿ ಟೇಪಿನ ತುದಿಯನ್ನು ಆ ಬೆರಳುಗಳ ನಡುವೆ ಸಿಕ್ಕಿಸಿದಳು. ಅವನು ಬಿಗಿಯಾಗಿ ಹಿಡಿದುಕೊಂಡ.