ಜ್ವರ ಬರುವ ಮೊದಲೇ ಜೋಕಿಮರ ನಡಿಗೆ ಹೇಳಿದ್ದು

ನಮ್ಮ ಕುಕ್ಕುಂದೂರಿನಲ್ಲಿ ಎಂಬತ್ತಮೂರರ ಆಗಸ್ಟ್ ತಿಂಗಳಲ್ಲಿ ಫ್ಲೂ ಜ್ವರ ಮನೆ ಮನೆಗೂ ಬಂತು. ಒಂದು ಮನೆಯಲ್ಲಿ ಕೆಮ್ಮು ಕೇಳಿದರೆ ಎರಡು ದಿನಕ್ಕೆ ಪಕ್ಕದ ಮನೆಯಲ್ಲೂ ಕೇಳುತ್ತಿತ್ತು. ಶಾಲೆಯಲ್ಲಿ ಅರ್ಧ ಬೆಂಚು ಖಾಲಿ. ಗದ್ದೆ ಕೆಲಸಕ್ಕೆ ಜನ ಇಲ್ಲ.

ಜೋಕಿಮರ ಮನೆಗೆ ಜ್ವರ ಇನ್ನೂ ಬಂದಿರಲಿಲ್ಲ. ಆದರೂ ಅವರ ಹೆಂಡತಿ ಆನಿಬಾಯಿಗೆ ಹೆದರಿಕೆ. ಅದು ಅತ್ತೆ ತೆರೆಸಾಬಾಯಿಯ ಬಗ್ಗೆ. ಅರುವತ್ತೆಂಟು ವರ್ಷ, ಮೈಮೇಲೆ ಚಿವುಟಲು ಮಾಂಸವಿಲ್ಲ. ಗಂಡನ ಬಗ್ಗೆ ಮಾತ್ರ ಚಿಂತೆಯೇ ಇಲ್ಲ. ಜೋಕಿಮ್ ಒಂಬತ್ತು ವರ್ಷ ಬಹ್ರೇನಿನಲ್ಲಿ ದುಡಿದು ಬಂದವರು. ಹೋಗುವಾಗ ಕಡ್ಡಿಯಂತಿದ್ದವರು ಬರುವಾಗ ಗುಂಡಗೆ, ಬೆಳ್ಳಗೆ ಆಗಿದ್ದರು. "ಈಗ ಆರೋಗ್ಯ ಕಾಣುತ್ತದೆ ನೋಡಿ" ಎಂದು ಊರೆಲ್ಲ ಹೊಗಳಿತು. ಅಂಗಡಿಗೂ ಸ್ಕೂಟರ್, ಭಾನುವಾರ ಇಗರ್ಜಿಯ ಪ್ರಾರ್ಥನೆಗೂ ಸ್ಕೂಟರ್.

ಒಂದು ಬೆಳಿಗ್ಗೆ ನರ್ಸ್ ಸುಭಾಷಿಣಿ ಮನೆಗಳನ್ನು ನೋಡಿಕೊಂಡು ಅಲ್ಲಿಗೂ ಬಂದರು.

"ತೆರೆಸಾಬಾಯಿ ಎಲ್ಲಿ? ದಾರಿಯಲ್ಲಿ ಸಿಗುವುದೇ ಇಲ್ಲ."

"ಮಾಂಯ್ ಒಳಗೆ ಇದ್ದಾರೆ. ನಾನೇ ಹೊರಗೆ ಬಿಡುವುದಿಲ್ಲ ನರ್ಸಮ್ಮ. ಎಲುಬು ಮಾತ್ರ ಉಂಟು. ಜ್ವರ ಬಂದರೆ ತಡೆಯಲಿಕ್ಕುಂಟಾ?" ಎಂದರು ಆನಿಬಾಯಿ.

"ಎಂಟು ದಿನ ಆಯಿತು ಜೈಲು" ಎಂದು ಒಳಗಿನಿಂದ ಅತ್ತೆಯ ಸ್ವರ ಬಂತು. "ಕೋಳಿಯನ್ನಾದರೂ ಸಂಜೆ ತನಕ ಹೊರಗೆ ಬಿಡುತ್ತಾರೆ."

ಸುಭಾಷಿಣಿ ನಕ್ಕರು. "ವಯಸ್ಸಾದವರ ಬಗ್ಗೆ ಜಾಗ್ರತೆ ಬೇಕು, ಅದು ಸರಿಯೇ. ಆದರೆ ನನಗೆ ಚಿಂತೆ ಅವರದ್ದು" ಎಂದು ಗೇಟಿನ ಕಡೆ ತೋರಿಸಿದರು.

ಸ್ಕೂಟರ್ ಕೆಟ್ಟುಹೋಗಿ ಜೋಕಿಮ್ ರಸ್ತೆಯಿಂದ ನಡೆದು ಬರುತ್ತಿದ್ದರು. ಬಂದವರಿಗೆ ಮಾತಾಡಲು ಉಸಿರು ಸಾಲಲಿಲ್ಲ. ಜಗಲಿಯ ಕಂಬ ಹಿಡಿದು ನಿಂತರು.

"ಜೋಕಿಮ್ ಪೊರ್ಬುಗಳೇ, ಸ್ವಲ್ಪ ಸುಧಾರಿಸಿಕೊಳ್ಳಿ. ಆಮೇಲೆ ಅಮ್ಮನ ಜೊತೆ ರಸ್ತೆ ತನಕ ಹೋಗಿ ಬನ್ನಿ. ಓಡಬೇಡಿ, ಮಾತಾಡಿಕೊಂಡು ಹೋಗಿ" ಎಂದರು ಸುಭಾಷಿಣಿ.

"ಎಂತ ನರ್ಸಮ್ಮ, ನಾನೆಂತ ಕಂಬಳದ ಕೋಣವಾ?"

ಆದರೂ ಹೋದರು. ತೆರೆಸಾಬಾಯಿ ಪಕ್ಕದ ಮನೆಯ ಬ್ಯಾಪ್ಟಿಸ್ಟನ ಮಗಳಿಗೆ ಗಂಡು ನೋಡಿದ ಸುದ್ದಿಯನ್ನು ಮೊದಲಿನಿಂದ ಕೊನೆಯ ತನಕ ಹೇಳಿಕೊಂಡೇ ಹೋಗಿ ಬಂದರು. ಮಗ ಅರ್ಧ ದಾರಿಯಲ್ಲಿ ತೆಂಗಿನ ಮರದ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು.

"ಕಾಯಿ ಬೆಳೆದಿದೆಯಾ ಅಂತ ನೋಡಿದೆ" ಎಂದರು, ಬಂದ ಮೇಲೆ.

"ಆ ಮರ ಕಾಯಿ ಬಿಡದೆ ಎರಡು ವರ್ಷ ಆಯಿತು ಪುತಾ" ಎಂದರು ತಾಯಿ.

ಜೋಕಿಮರಿಗೂ ನಗು ಬಂತು. "ನರ್ಸಮ್ಮ, ನನ್ನ ತೂಕ ಎಂಬತ್ತೆಂಟು ಕಿಲೋ. ನನ್ನನ್ನು ನೋಡಿ ಜ್ವರವೇ ಹೆದರಬೇಕು."

"ಜ್ವರ ತೂಕ ನೋಡುವುದಿಲ್ಲ. ಬೇಗ ನಡೆಯುವವರಿಗೆ ಅದು ಅಂಟುವುದಿಲ್ಲ ಅಂತಲೂ ನಾನು ಹೇಳುವುದಿಲ್ಲ. ಆದರೆ ಜ್ವರ ಬಂದಾಗ ಹೃದಯಕ್ಕೆ, ಶ್ವಾಸಕೋಶಕ್ಕೆ ಕೆಲಸ ಜಾಸ್ತಿ. ಸಪಾಟು ದಾರಿಯಲ್ಲೇ ನಿಮ್ಮ ಉಸಿರು ಮುಗಿದರೆ ಆ ಕೆಲಸಕ್ಕೆ ಎಲ್ಲಿಂದ ತರುತ್ತೀರಿ? ಒಳಗೆ ಬಿಪಿ ಇರಬಹುದು, ಸಕ್ಕರೆ ಕಾಯಿಲೆ ಇರಬಹುದು. ಒಮ್ಮೆ ಡಾಕ್ಟರಿಗೆ ತೋರಿಸಿ."

ಹೊರಡುವಾಗ ಆನಿಬಾಯಿಗೆ ಇನ್ನೊಂದು ಮಾತು ಹೇಳಿದರು. "ಇವರಿಗೆ ಜ್ವರ ಬಂದು, ಮಾತಿನ ನಡುವೆ ಏದುಸಿರು ಬಂದರೆ ನಾಳೆಗೆ ಇಡಬೇಡಿ. ಆಗಲೇ ಹೊರಡಿ."

ಜೋಕಿಮ್ ಡಾಕ್ಟರ ಹತ್ತಿರ ಹೋಗಲಿಲ್ಲ. ಇವತ್ತು ಮಳೆ, ನಾಳೆ ಯಾರದೋ ಮದುವೆ.

ಹತ್ತು ದಿನದಲ್ಲಿ ತಾಯಿ ಮಗ ಇಬ್ಬರೂ ಮಲಗಿದರು. ತೆರೆಸಾಬಾಯಿ ನಾಲ್ಕು ದಿನ ಗಂಜಿ ಕುಡಿದು, ಐದನೆಯ ದಿನ ಎದ್ದು ಕೋಳಿಗಳಿಗೆ ಬೈಯಲು ಶುರು ಮಾಡಿದರು. ಜೋಕಿಮರಿಗೆ ಎರಡನೆಯ ದಿನದ ಮಧ್ಯಾಹ್ನವೇ ನೀರು ಕೇಳಲು ಮೂರು ಸಲ ಉಸಿರು ಎಳೆಯಬೇಕಾಯಿತು.

"ನಾಳೆ... ನೋಡುವ... ಆನಿ."

"ನಾಳೆ ಇಲ್ಲ" ಎಂದರು ಆನಿಬಾಯಿ. ವಾಸುವಿನ ಬಾಡಿಗೆ ಕಾರು ತರಿಸಿದರು. ಹಿರಿಯಡ್ಕ ದಾಟುವಾಗ ಗಂಡನ ತುಟಿ ನೀಲಿಯಾಗಿತ್ತು. ಮಣಿಪಾಲದ ಆಸ್ಪತ್ರೆಯಲ್ಲಿ ಕೂಡಲೇ ಆಮ್ಲಜನಕ ಕೊಟ್ಟರು. ನ್ಯುಮೋನಿಯಾ ಆಗಿತ್ತು. ಯಾರಿಗೂ ಗೊತ್ತಿಲ್ಲದ ಬಿಪಿ, ಸಕ್ಕರೆ ಕಾಯಿಲೆ ಎರಡೂ ಇತ್ತು. "ಒಂದು ದಿನ ತಡ ಮಾಡಿದ್ದರೆ ಕಷ್ಟವಿತ್ತು" ಎಂದರು ಡಾಕ್ಟರು.

ಹದಿನಾರು ದಿನ ಕಳೆದು ಜೋಕಿಮ್ ಮನೆಗೆ ಬಂದರು. ನೋಡಲು ಬಂದ ಸುಭಾಷಿಣಿಯ ಎದುರು ಅವರಿಗೆ ಕಣ್ಣು ತುಂಬಿ ಬಂತು.

"ನಿಮ್ಮ ಮಾತು ನಾನು ಕೇಳಲಿಲ್ಲ. ಇವಳು ಕೇಳಿದಳು. ನಾನು ಉಳಿದದ್ದು ಅದರಿಂದ. ನಿಮ್ಮ ಉಪಕಾರ ಹೇಗೆ ತೀರಿಸುವುದು ನರ್ಸಮ್ಮ?"

"ಆನಿಬಾಯಿಗೆ ಹೇಳಿ ಅದನ್ನು. ಅವರು ಕಾರು ತರಿಸದಿದ್ದರೆ ನನ್ನ ಮಾತು ಈ ಜಗಲಿಯಲ್ಲೇ ಬಿದ್ದಿರುತ್ತಿತ್ತು."

ಹೆಂಡತಿಯ ಕಡೆ ತಿರುಗಿ ಜೋಕಿಮ್ ಏನು ಹೇಳಿದರೋ, ಕೊಂಕಣಿಯಲ್ಲಿ, ಮೆಲ್ಲಗೆ. ಆನಿಬಾಯಿ ಚಹಾ ತರುವ ನೆಪದಲ್ಲಿ ಒಳಗೆ ಹೋದರು, ಬರುವಾಗ ಮೂಗು ಕೆಂಪಾಗಿತ್ತು.

ಡಾಕ್ಟರ ಒಪ್ಪಿಗೆ ಸಿಕ್ಕ ಮೇಲೆ ಜೋಕಿಮ್ ನಡೆಯಲು ತೊಡಗಿದರು. ಮೊದಲ ವಾರ ಅಂಗಳದಲ್ಲಿ, ಆಮೇಲೆ ರಸ್ತೆ ತನಕ, ದಿನಕ್ಕೆ ಸ್ವಲ್ಪ ಸ್ವಲ್ಪ ಜಾಸ್ತಿ. ಮಾತ್ರೆ ತಪ್ಪಿಸಲಿಲ್ಲ. ಆ ಕ್ರಿಸ್ಮಸ್ಸಿಗೆ ಮೂವರೂ ಇಗರ್ಜಿಗೆ ನಡೆದೇ ಹೋದರು. ದಾರಿಯುದ್ದಕ್ಕೂ ಮಾತಾಡಿದ್ದು ಜೋಕಿಮ್. "ಸ್ವಲ್ಪ ಸುಮ್ಮನಿರು ಪುತಾ, ನನಗೂ ಹೇಳಲಿಕ್ಕೆ ಉಂಟು" ಎಂದು ತಾಯಿಯೇ ಹೇಳಬೇಕಾಯಿತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ದಪ್ಪಗಿರುವವರೆಲ್ಲ ಗಟ್ಟಿ, ತೆಳ್ಳಗಿರುವವರೆಲ್ಲ ನಿಶ್ಶಕ್ತ ಎಂದು ತಿಳಿಯಬೇಡಿ. ನಿಮ್ಮ ಮನೆಯವರ ಜೊತೆ ಇವತ್ತೇ ಸ್ವಲ್ಪ ದೂರ ನಡೆಯಿರಿ. ಮೊದಲಿಗಿಂತ ನಿಧಾನವಾದವರು, ನಡೆಯುತ್ತಾ ಮಾತಾಡಲಾರದವರು ಇದ್ದರೆ ಜ್ವರಕ್ಕಾಗಿ ಕಾಯದೆ ಡಾಕ್ಟರಿಗೆ ತೋರಿಸಿ. ಜ್ವರದಲ್ಲಿ ಏದುಸಿರು ಬಂದರೆ, ವೇಗವಾಗಿ ನಡೆಯುವವರೇ ಆದರೂ, ಆ ಗಳಿಗೆಗೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬೇಡ ಎನ್ನುವುದು ಅವರು. ಕಾರು ತರಿಸಬೇಕಾದವರು ನೀವು.