ಮೂರು ಗಂಟೆಯ ಧಗೆ

ಭಾಗ್ಯನಗರದ ಹಿಂದಿನ ಓಣಿಯಲ್ಲಿ ಹಸನಬೀಯ ತಗಡಿನ ಮನೆ. ಹಿರಿಯ ಮಗಳು ನಾಹೀದಾಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆಗೆ ತವರಿಗೆ ಬರಬೇಕು. ಆದರೆ ಡ್ಯಾಮಿನ ಮಗ್ಗುಲಿನ ಮುನಿರಾಬಾದಿನಿಂದ ಅವಳ ಅತ್ತೆ ಮೆಹಬೂಬಬೀ ಫೋನಿನಲ್ಲಿ ಹೇಳಿಬಿಟ್ಟಿದ್ದಳು: “ಈ ಬ್ಯಾಸಗಿಯಾಗ ನಿಮ್ಮ ತಗಡಿನ ಕೆಳಗ ಕೂಸು ಬೆಂದು ಹೋಗತೈತ್ರಿ. ಗುರುವಾರ ಬಂದು ನೋಡತೀನಿ, ಆಮ್ಯಾಲೆ ಮಾತು.”

ತಂಗಿ ಜಾಸ್ಮೀನ ಅಕ್ಕನ ಕೌದಿಯನ್ನು ಮೂರು ಸಲ ಒಗೆದು ಮಡಿಸಿದ್ದಳು. ಎಂಟನೆಯ ತರಗತಿಗೇ ಶಾಲೆ ಬಿಟ್ಟ ಹುಡುಗಿ. ಮಾತು ಕಡಿಮೆ, ನೋಡುವುದು ಹೆಚ್ಚು. ಅಕ್ಕ ಮದುವೆಯಾಗಿ ಹೋದ ಮೇಲೆ ಇವಳ ಜಡೆ ಹೆಣೆಯುವವರೇ ಇರಲಿಲ್ಲ.

“ಇಲ್ಲಿ ನೀರಿನ ಮ್ಯಾಲಿಂದ ತಣ್ಣನ ಗಾಳಿ ಬರತೈತಿ, ಜಾಸ್ಮೀ,” ಎನ್ನುತ್ತಿದ್ದಳು ನಾಹೀದಾ ಫೋನಿನಲ್ಲಿ. “ಆದ್ರ ನಿದ್ದಿ ಬರವಲ್ದು. ನಿನ್ನ ಮಗ್ಗಲದಾಗ ಮಲಗಬೇಕನಸತೈತಿ.”

ಮಂಗಳವಾರ ಆಶಾ ಕಾರ್ಯಕರ್ತೆ ಲಲಿತಾ ಬಂದಾಗ ಹಸನಬೀ ಬೆವರು ಒರೆಸುತ್ತ ಕೂತಿದ್ದಳು.

“ಇದೇನ್ರಿ ಚಾಚಿ, ಬೆಳಕಿಂಡಿಗೆ ಅರಬಿ ತುರುಕೀರಿ?”

“ಧಗಿ ಮ್ಯಾಲಿಂದ ಬೀಳತೈತಿ, ಮುಚ್ಚಬಾರದೇನು? ನಾಳೆ ತಗಡಿನ ಮ್ಯಾಲೆ ಕರಿ ತಾಡಪತ್ರಿನೂ ಹೊಚ್ಚತೀನಿ.”

“ಹಂಗಾದ್ರ ಸೂರ್ಯ ನೆತ್ತಿ ಮ್ಯಾಲಿರೋ ಹನ್ನೆರಡಕ್ಕ ಭಾಳ ಧಗಿ ಇರಬೇಕಲ್ಲ?”

“ಇರತೈತಿ ಮತ್ತ!”

ಮೂಲೆಯಿಂದ ಜಾಸ್ಮೀನಳ ಸಣ್ಣ ದನಿ ಬಂತು. “ಇಲ್ಲಮ್ಮಾ, ಮೂರಕ್ಕ. ಆವಾಗ ಬೆಕ್ಕೂ ಒಳಗ ನಿಲ್ಲಂಗಿಲ್ಲ. ಬೇವಿನ ಬುಡಕ್ಕ ಹೋಗತೈತಿ.”

ಲಲಿತಾ ಚಪ್ಪಾಳೆ ತಟ್ಟಿದಳು. “ಕೇಳ್ರಿ ಮಗಳ ಮಾತು! ಬಿಸಲು ಗಾಳೀನ ಅಷ್ಟಾಗಿ ಕಾಸಂಗಿಲ್ಲ. ಗಾಳಿ ದಾಟಿ ಬಂದು ಮೊದಲು ನೆಲ, ಕಲ್ಲು, ತಗಡು ಕಾಸತೈತಿ. ಅವು ಕಾದು ಗಾಳೀನ ಕಾಸತಾವ. ಹಂಚು ಕಾಯೋಮಟ ರೊಟ್ಟಿ ಬೇಯತೈತೇನು? ಅದಕ್ಕ ಧಗಿ ಏರೋದು ತಡ. ಕಾದ ಗಾಳಿ ಮ್ಯಾಲೇರಿ ಹೊರಗ ಹೋಗಬೇಕು; ನೀವು ಅದರ ಹಾದೀನ ಮುಚ್ಚೀರಿ. ಕರೀದು ಬಿಸಲು ನುಂಗತೈತಿ, ಬಿಳೇದು ತಿರುಗಿ ಕಳಸತೈತಿ.”

“ಮುನಿರಾಬಾದಿನಾಗ ಅಷ್ಟು ತಂಪು ಯಾಕ ಮತ್ತ?”

“ನೀರು ನೆಲದಂಗ ಲಗೂನ ಕಾಯಂಗಿಲ್ರಿ.”

“ಹಂಗಾರ ಡ್ಯಾಮು ಇಲ್ಲಿಗೇ ಹೊತ್ತು ತರ್ತೀಯೇನವ್ವಾ?”

“ಡ್ಯಾಮು ಬ್ಯಾಡ್ರಿ, ತಗಡಿಗೆ ಹಚ್ಚಾಕ ಒಂದು ಡಬ್ಬಿ ಸುಣ್ಣ ತರ್ರಿ ಸಾಕು.”

“ಅರ್ಧಕ್ಕಷ್ಟ ಹಚ್ಚು, ನೋಡೂಣು,” ಎಂದಳು ಹಸನಬೀ ಮಗಳಿಗೆ, ಮುಖ ಗಂಟಿಕ್ಕಿ.

ಬುಧವಾರ ನಸುಕಿನಲ್ಲಿ ಜಾಸ್ಮೀನ ಏಣಿಯ ಮೇಲೆ ನಿಂತು, ಉದ್ದ ಕೋಲಿಗೆ ಬ್ರಷ್ ಕಟ್ಟಿ, ಅರ್ಧ ತಗಡಿಗೆ ದಪ್ಪಗೆ ಸುಣ್ಣ ಬಳಿದಳು. ಮೂರು ಗಂಟೆಯಾಯಿತು. ಬೆಕ್ಕು ಬೇವಿನ ಕಡೆ ಹೋಗಲಿಲ್ಲ. ಸುಣ್ಣದ ಅರ್ಧದ ಕೆಳಗೆ ಕಾಲು ಚಾಚಿ ಮಲಗಿತ್ತು. ಹಸನಬೀ ಹೊರಸು ಹತ್ತಿ ತಗಡಿನ ಹತ್ತಿರ ಕೈ ಒಯ್ದಳು. ಒಂದು ಕಡೆ ಕೈ ನಿಂತಿತು. ಇನ್ನೊಂದು ಕಡೆ, “ಯಾ ಅಲ್ಲಾ!” ಎಂದು ಎಳೆದುಕೊಂಡಳು. ಬೆಳಕಿಂಡಿಗೆ ತುರುಕಿದ್ದ ಬಟ್ಟೆಯನ್ನು ತಾನೇ ಕಿತ್ತೆಸೆದು, “ಉಳಿದರ್ಧ ನಿಮ್ಮಪ್ಪ ಬಂದು ಹಚ್ಚತಾನೇನು? ಸಂಜಿಕೇ ಹಚ್ಚು!” ಎಂದು ಮಗಳನ್ನು ಬೈದಳು.

ಗುರುವಾರ ಮೆಹಬೂಬಬೀ ಬೇಕೆಂದೇ ಮೂರಕ್ಕೆ ಬಂದಳು. ತಲೆಯೆತ್ತಿ ತಗಡು ನೋಡಿದಳು. ಹೊರಸಿನ ಮೇಲೆ ಕೂತು, ಜಾಸ್ಮೀನ ಕೊಟ್ಟ ಮಡಕೆಯ ನೀರು ಕುಡಿದಳು. “ಏನೇ ಅನ್ರಿ, ನಮ್ಮ ಡ್ಯಾಮಿನ ಗಾಳಿ ಅಂದ್ರ...” ಎಂದವಳ ಮಾತು ಅಲ್ಲೇ ನಿಂತಿತು. ನಿದ್ದೆ ಹತ್ತಿಬಿಟ್ಟಿತ್ತು. ಸಂಜೆಯ ಅಜಾನ್ ಕೇಳಿ ಎಚ್ಚರಾಗಿ, ಸೆರಗು ಸರಿಪಡಿಸಿಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದಳು:

“ಭಾನುವಾರ ಬಂದು ಕರಕೊಂಡು ಹೋಗ್ರಿ.”

ಜಾಸ್ಮೀನ ಕೌದಿ ಬಿಚ್ಚಿ ಹಾಸಿ, ಒಂದು ಬದಿಗೆ ತಾನು ಮಲಗಿ ನೋಡಿದಳು. ಇನ್ನೊಂದು ಬದಿ ಖಾಲಿಯಿತ್ತು. ಭಾನುವಾರಕ್ಕೆ ಇನ್ನೂ ಮೂರು ದಿನ.

ಅಕ್ಕಂದಿರೇ, ನಿಮ್ಮ ಮನೆಗೂ ಬರಬೇಕಾದವರು ಯಾರೋ ಇರಬಹುದು. ಬೇಸಿಗೆಗೆ ಮೊದಲೇ ತಗಡಿಗೆ ಬಿಳಿ ಸುಣ್ಣ ಬಳಿಯಿರಿ. ಬೆಳಕಿಂಡಿ ಮುಚ್ಚಬೇಡಿ. ಅಂಗಳದ ಗಿಡ ಕಡಿಯಬೇಡಿ. ಬಸುರಿಯರಿಗೆ, ಬಾಣಂತಿಯರಿಗೆ ಮೇಲಿಂದ ಮೇಲೆ ನೀರು ಕೊಡಿ. ತಲೆ ಸುತ್ತಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸೂರ್ಯನನ್ನು ತಡೆಯುವುದು ನಮ್ಮ ಕೈಲಿಲ್ಲ. ತಲೆಯ ಮೇಲಿನ ತಗಡು ನಮ್ಮ ಕೈಲಿದೆ.