ಮೊದಲ ಮೆಟ್ಟಿಲ ಬಡಿಗೆ

ಕ್ರಿಸ್ಪಿನಾಳ ಮನೆಗೆ ಯಾವ ಬಣ್ಣ ಹೊಡೆಸಬೇಕೆಂದು ಅವಳೊಬ್ಬಳನ್ನು ಬಿಟ್ಟು ಉಳಿದವರೆಲ್ಲ ಕೂತು ತೀರ್ಮಾನ ಮಾಡಿಬಿಟ್ಟಿದ್ದರು. ಗಾರೆ ಇನ್ನೂ ಹಸಿಯಾಗಿತ್ತು, ಸಮುದ್ರದ ಕಡೆಯ ಕಿಟಕಿಗೆ ಬಾಗಿಲು ಕೂಡ ಕೂರಿಸಿರಲಿಲ್ಲ. ಅಷ್ಟರಲ್ಲೇ ತೀರಿಹೋದ ತಮ್ಮನ ಹೆಂಡತಿ ಎರ್ಲಿಂಡಾ ಫೋನು ಹಿಡಿದುಕೊಂಡು ಬಂದು ಒಂದಾದ ಮೇಲೊಂದು ಚಿತ್ರ ತೋರಿಸತೊಡಗಿದಳು.

“ನೋಡಿ ಮಾನಾಂಗ್, ಮನಿಲಾದಲ್ಲೆಲ್ಲ ಈಗ ಇದೇ ನಡೀತಿರೋದು. ಗೋಡೆ ತಿಳಿ ಬಣ್ಣ, ಪರದೆ ತಿಳಿ ಬಣ್ಣ, ಸೋಫಾನೂ ತಿಳಿ ಬಣ್ಣ. ಎಷ್ಟು ಶಾಂತವಾಗಿದೆ ನೋಡಿ!”

ಹಿರಿಯಳಾದ್ದರಿಂದ ಮಾನಾಂಗ್ ಎನ್ನಬೇಕು, ಎನ್ನುತ್ತಿದ್ದಳು. ಅಕ್ಕ ಎನ್ನುವ ಆ ಮಾತಿನಲ್ಲಿ ಅಕ್ಕರೆ ಎಷ್ಟಿತ್ತೋ ದೇವರಿಗೇ ಗೊತ್ತು.

“ಶಾಂತ ಎಲ್ಲಿಂದ ಬಂತು? ಸಪ್ಪೆ,” ಎಂದಳು ಕ್ರಿಸ್ಪಿನಾ. “ಕಾಯಿಲೆಯವರಿಗೆ ಕೊಡೋ ಗಂಜಿ ಥರ ಇದೆ.”

“ನಿಮಗೆ ಇದೆಲ್ಲ ಗೊತ್ತಾಗಲ್ಲ ಬಿಡಿ. ರಾಮಿಲ್ ಮದುವೆ ಬೇರೆ ಹತ್ರ ಬಂತು. ಬೀಗರು ಬಂದು ನೋಡೋ ಮನೆ ಇದು.”

“ಮೂವತ್ತನಾಲ್ಕು ವರ್ಷ ಕಂಡವರ ಬಿಳಿ ಬಟ್ಟೇನ ಇನ್ನೂ ಬೆಳ್ಳಗೆ ಮಾಡಿದೀನಿ ಎರ್ಲಿಂಡಾ. ನನ್ನ ಪಾಲಿನ ಬಿಳಿ ಮುಗೀತು.”

ಎರ್ಲಿಂಡಾ ಮೂಗು ಮುರಿದು ಎದ್ದು ಹೋದಳು. ‘ಬೀಗರು ನೋಡೋ ಮನೆ’ ಎಂದದ್ದು ಮಾತ್ರ ಕ್ರಿಸ್ಪಿನಾಳ ಕಿವಿಯಲ್ಲೇ ಉಳಿಯಿತು. ಜಾಗ ಅವಳ ತಾಯಿ ಅವಳ ಹೆಸರಿಗೇ ಬಿಟ್ಟುಹೋದದ್ದು. ಇಟ್ಟಿಗೆ, ತಗಡು, ಸಿಮೆಂಟು ಎಲ್ಲ ಅವಳು ಇಲೋಯಿಲೋ ಪಟ್ಟಣದ ಮನೆಮನೆ ತಿರುಗಿ ಬಟ್ಟೆ ಒಗೆದು ತಂದದ್ದು. ಅದೇ ದುಡಿಮೆಯಲ್ಲಿ ತಮ್ಮನ ಸಂಸಾರ ನಡೆದಿತ್ತು, ತಮ್ಮನ ಮಗ ರಾಮಿಲ್ ಕಾಲೇಜು ಮುಗಿಸಿದ್ದ. ಇಷ್ಟು ವರ್ಷ ಅವಳು ಮಲಗಿದ್ದು ಎರ್ಲಿಂಡಾಳ ಅಡುಗೆಮನೆಯ ಹಿಂದೆ, ಅಕ್ಕಿ ಡಬ್ಬದ ಪಕ್ಕ ಹಾಸಿದ ಚಾಪೆಯ ಮೇಲೆ. ಅರವತ್ತೊಂದನೇ ವಯಸ್ಸಿನಲ್ಲಿ ಒಂದು ಬಾಗಿಲು, ಒಂದು ಬೀಗ, ಒಂದು ಹಾಸಿಗೆ ತನ್ನದಾಗಲಿ ಎಂದು ಅವಳು ಕಟ್ಟಿಸಿದ ಮನೆ ಇದು. ಅದನ್ನೂ ಬೇರೆಯವರ ಹೆಸರಿಗೆ ಒಗೆದು ಇಸ್ತ್ರಿ ಮಾಡಿ ಕೊಡಬೇಕೇನು?

ಅವಳಿಗೆ ಬೇಕಾದ ಮನೆ ಯಾವ ಫೋನಿನಲ್ಲೂ ಇರಲಿಲ್ಲ. ಅದು ಇದ್ದದ್ದು ಜೀಪ್ನಿಯಲ್ಲಿ, ಜನ ತುಂಬಿಕೊಂಡು ಪಟ್ಟಣಕ್ಕೆ ಓಡುವ ಬಣ್ಣಬಣ್ಣದ ಉದ್ದ ಜೀಪಿನಲ್ಲಿ. ದಿನಾ ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ, ಎದುರುಬದುರು ಬೆಂಚಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂತು ಅವಳು ಆ ಗಾಡಿಗಳ ಚಾವಣಿ ನೋಡಿದ್ದಳು. ಓಡುವ ಕುದುರೆಗಳು, ರೆಕ್ಕೆ ಬಿಚ್ಚಿದ ಹದ್ದು, ಕನ್ನಡಿ ಹಿಡಿದ ಮತ್ಸ್ಯಕನ್ಯೆ, ಊರಲ್ಲಿ ಯಾರೂ ಕಂಡಿರದ ಹಿಮದ ಬೆಟ್ಟ, ಡ್ರೈವರನ ಮಕ್ಕಳ ಹೆಸರು, ಗಾಜಿನ ಮೇಲಂಚಿಗೆ ಕೆಂಪು ಕುಚ್ಚಿನ ಪರದೆ. ಅಂಗೈಯಲ್ಲಿ ಸೋಪು ಕೊರೆದ ಬಿರುಕು ಉರಿಯುತ್ತಿದ್ದರೂ ಅವಳ ಕಣ್ಣು ಆ ಬೆಟ್ಟದ ಮೇಲೆ ಹತ್ತಿ ಇಳಿಯುತ್ತಿತ್ತು. ಕೊನೆಗೆ ಕೈಬೆರಳ ಗೆಣ್ಣಿನಿಂದ ಚಾವಣಿ ಬಡಿದು “ಇಲ್ಲೇ ಇಳೀತೀನಿ!” ಎಂದು ಕೂಗಿ ಇಳಿಯುತ್ತಿದ್ದಳು. ಬೆಳಿಗ್ಗೆ ಇಳಿಯುತ್ತಿದ್ದದ್ದು ಯಜಮಾನಿಯ ಮನೆಗೆ, ಸಂಜೆ ಎರ್ಲಿಂಡಾಳ ಮನೆಗೆ.

ಮರುದಿನವೇ ಅವಳು ಹೆದ್ದಾರಿ ಪಕ್ಕದ ಹಳೇ ಶೆಡ್ಡಿಗೆ ಹೋದಳು. ಊರೆಲ್ಲ ಅಣ್ಣ ಎನ್ನುವ ಅರ್ಥದಲ್ಲಿ ಮಾನೊಂಗ್ ಎಂದು ಕರೆಯುವ ಇಸ್ಕೋ, ಆ ಸುತ್ತಿನ ಅರ್ಧ ಜೀಪ್ನಿಗಳಿಗೆ ಬಣ್ಣ ಬರೆದ ಮುದುಕ, ಒಣಗಿದ ಕುಂಚಗಳನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದ.

“ಕೆಲಸ ಇದೆಯಾ ಮಾನೊಂಗ್?”

“ಕೆಲಸ ಎಲ್ಲಿಂದ ತರ್ಲಿ ಇಂದಾಯ್?” ತಂಗಿಯನ್ನು ಕರೆಯುವ ಹಾಗೆ ಕರೆದ ಮುದುಕ. “ಸರ್ಕಾರದೋರು ಹಳೇ ಗಾಡಿ ಓಡಿಸಬಾರ್ದು ಅಂದ್ರು. ಹೊಸ ಗಾಡಿ ನೋಡಿದೀಯಲ್ಲ, ಫ್ರಿಜ್ಜಿಗೆ ಚಕ್ರ ಹಾಕಿದ ಹಾಗೆ. ಅದಕ್ಕೆ ನಾನೇನು ಬರೀಲಿ?”

“ನನ್ನ ಮನೆಗೆ ಬರೀರಿ.”

ಮುದುಕ ಅವಳನ್ನು ಮೇಲಿಂದ ಕೆಳಗೆ ನೋಡಿದ. “ಮನೆಗೆ ಬಣ್ಣ ಹೊಡೆಯೋರು ಬೇರೆ ಇದಾರೆ ಕಣಮ್ಮ.”

“ಹೊಡೆಯೋದಲ್ಲ, ಬರೆಯೋದು. ಅಡುಗೆಮನೆ ಬಾಗಿಲ ಮೇಲೆ ಕುದುರೆ ಬೇಕು, ನಿಂತಿರೋದಲ್ಲ, ಓಡೋದು. ನಡುಮನೆ ಚಾವಣೀಲಿ ಮತ್ಸ್ಯಕನ್ಯೆ. ಕಿಟಕಿಗೆ ಕುಚ್ಚು. ನನ್ನ ಹಾಸಿಗೆ ನೇರಕ್ಕೆ ಹಿಮದ ಬೆಟ್ಟ, ನೀವು ಆ ನೀಲಿ ಗಾಡೀಲಿ ಬರೆದಿದ್ರಲ್ಲ, ಅದೇ.”

“ಹಿಮ ನಾನೆಲ್ಲಿ ಕಂಡೆ? ಸುಮ್ಮನೆ ಅಂದಾಜಿಗೆ ಬರೆದಿದ್ದು.”

“ಆ ಅಂದಾಜನ್ನೇ ನೋಡ್ಕೊಂಡು ಇಪ್ಪತ್ತು ವರ್ಷ ತಂಪಾಗಿದ್ದೆ ನಾನು.”

ಇಸ್ಕೋ ಕುಂಚಗಳನ್ನೆಲ್ಲ ಬಾಚಿ ಸೀಮೆಎಣ್ಣೆ ಡಬ್ಬದಲ್ಲಿ ನೆನೆಹಾಕಿದ.

ಗೋಡೆಯ ಮೇಲೆ ಮೊದಲ ಕುದುರೆಯ ಕಾಲು ಮೂಡಿದ್ದೇ ತಡ, ಊರಿನ ಬಾಯಿಗೆ ಅವಲಕ್ಕಿ ಸಿಕ್ಕಿತು. “ಕ್ರಿಸ್ಪಿನಾ ಮನೇಲಿ ಟಿಕೆಟ್ ಕೊಡ್ತಾರಂತೆ!” “ಮುಂದಕ್ಕೆ ಸರೀರಿ, ಇನ್ನೂ ಇಬ್ಬರು ಕೂರಬಹುದು!” ಅವಳು ಕಿಟಕಿಯಿಂದ ತಲೆ ಹಾಕಿ, “ನಿಂತೇ ಬರ್ಬೇಕು, ಸೀಟಿಲ್ಲ!” ಎಂದು ಕೂಗುತ್ತಿದ್ದಳು. ನಗುವವರು ಎಷ್ಟು ಹೊತ್ತು ನಗುತ್ತಾರೆ, ಬಾಯಿ ನೋಯುವುದಿಲ್ಲವೇ?

ಸಮುದ್ರ ಉಕ್ಕಿದರೆ ನೀರು ಅಂಗಳಕ್ಕೇ ಬರುವ ಜಾಗವಾದ್ದರಿಂದ ಮನೆ ಎತ್ತರದಲ್ಲಿತ್ತು, ಏರಲು ಹತ್ತು ಮೆಟ್ಟಿಲು. ಹತ್ತು ಸುಮ್ಮನೆ ಹತ್ತಲ್ಲ. ಚಿನ್ನ, ಬೆಳ್ಳಿ, ಸಾವು ಎಂದು ಎಣಿಸುತ್ತ ಏರಿದರೆ ಕೊನೆಯ ಮೆಟ್ಟಿಲು ಚಿನ್ನಕ್ಕೆ ಬರಬೇಕು, ಹೋಗಲಿ ಬೆಳ್ಳಿಗಾದರೂ ಬರಬೇಕು. ಸಾವಿಗೆ ಬಂದರೆ ಆ ಮನೆಗೆ ಆ ಸೀಮೆಯಲ್ಲಿ ಬಾಡಿಗೆಗೂ ಯಾರೂ ಬರುವುದಿಲ್ಲ. ಮೇಸ್ತ್ರಿ ಮೂರು ಸಲ ಎಣಿಸಿ ಕಟ್ಟಿದ್ದ, ಹತ್ತನೆಯದು ಚಿನ್ನವೇ.

ಆ ಹತ್ತು ಮೆಟ್ಟಿಲುಗಳ ಮುಖದ ಮೇಲೂ ಒಂದೊಂದು ಚಿತ್ರ ಬರೆಸಿದಳು ಕ್ರಿಸ್ಪಿನಾ. ಹುಂಜ, ಏಡಿ, ಮಾವಿನಹಣ್ಣು, ಗಿಟಾರು, ಹೀಗೆ ಮನಸ್ಸಿಗೆ ಬಂದದ್ದು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿಗೆ ಮಾತ್ರ ಮೊದಲೇ ಯೋಚಿಸಿ ಇಟ್ಟಿದ್ದಳು. ಅಲ್ಲಿ ತನ್ನ ಬಟ್ಟೆ ಬಡಿಯುವ ಬಡಿಗೆ, ಸುತ್ತ ಸೋಪಿನ ಗುಳ್ಳೆ, ಹಿಂದೆ ಸೂರ್ಯ ಹುಟ್ಟುವ ಹಾಗೆ ಕಿರಣಗಳು.

ಅದನ್ನು ಕಂಡು ಎರ್ಲಿಂಡಾಳ ಮುಖ ಕಪ್ಪಿಟ್ಟಿತು. “ಮಾನಾಂಗ್, ಕುದುರೆ ಬರೆಸಿದ್ರಿ, ಸುಮ್ಮನಿದ್ದೆ. ಬಾಲ ಇರೋ ಹೆಂಗಸನ್ನ ಬರೆಸಿದ್ರಿ, ಸುಮ್ಮನಿದ್ದೆ. ಇದನ್ನ ಅಳಿಸಿ. ಬೀಗರಿಗೆ ನೀವು ಪಟ್ಟಣದಲ್ಲಿ ವ್ಯಾಪಾರ ಮಾಡ್ತಿದ್ರಿ ಅಂತ ಹೇಳಿದೀನಿ.”

“ಹೌದಾ? ಏನು ಮಾರ್ತಿದ್ದೆ ನಾನು?”

“ನಗಬೇಡಿ. ಹುಡುಗಿಯ ಅಪ್ಪ ಇಂಜಿನಿಯರು.”

“ಇಂಜಿನಿಯರು ಬಟ್ಟೆ ಹಾಕ್ಕೊಳಲ್ವೇನು? ಕೊಳೆ ಆಗಲ್ವೇನು? ಅಳಿಸಲ್ಲ, ಹೋಗು.”

ಪಾದ್ರಿಯವರು ಬಂದು ಮನೆಗೆ ಆಶೀರ್ವಾದ ಮಾಡುವುದು ಭಾನುವಾರವೆಂದು ನಿಶ್ಚಯವಾಯಿತು. ಅದರ ಹಿಂದಿನ ವಾರವೆಲ್ಲ ಕ್ರಿಸ್ಪಿನಾ ಪಟ್ಟಣದಲ್ಲಿದ್ದಳು. ಹಳೇ ಯಜಮಾನಿಗೆ ಮಾತು ಕೊಟ್ಟಿದ್ದಳು, ಕೊನೆಯ ಬಟ್ಟೆ ಒಗೆದುಕೊಟ್ಟು ಕೈ ಒರೆಸಿಕೊಂಡು ಭಾನುವಾರದ ಮೊದಲ ಗಾಡಿಗೆ ಬಂದಳು. ಬಂದು ನೋಡಿದರೆ ಅಂಗಳವೇ ಬೇರೆಯಾಗಿತ್ತು. ಮಣ್ಣಿನ ಮೇಲೆ ಜಲ್ಲಿ ತುಂಬಿ ಒಂದು ಗೇಣು ಎತ್ತರಕ್ಕೆ ಸಿಮೆಂಟು ಹಾಕಿತ್ತು, ಅದರ ಮೇಲೆ ಬೀಗರ ಬಿಳಿ ಕಾರು ನಿಂತಿತ್ತು. ಮೆಟ್ಟಿಲ ಸಾಲು ಹುಂಜದಿಂದ ಶುರುವಾಗಿತ್ತು. ಬಡಿಗೆ ಇರಲಿಲ್ಲ.

“ನನ್ನ ಬಡಿಗೆ ಎಲ್ಲೋ ರಾಮಿಲ್?”

ಗರಿಗರಿ ಬಿಳಿ ಬಾರೋಂಗ್ ಅಂಗಿ ತೊಟ್ಟಿದ್ದ ರಾಮಿಲ್ ಸೋದರತ್ತೆಯ ಮುಖ ನೋಡದೆ ನೆಲ ನೋಡಿದ. “ಕಾರು ಕೆಸರಲ್ಲಿ ಹೂತ್ಕೊಳುತ್ತೆ ಅಂತ ಗುರುವಾರ ಹಾಕಿಸಿದ್ವಿ ತಿಯಾ. ನಿಮ್ಮ ಕಾಲಿಗೂ ಕೆಸರಾಗಲ್ಲ.”

“ನನ್ನ ಕಾಲಿನ ಚಿಂತೆ ನಿನಗೆ ಯಾವತ್ತಿಂದ ಹತ್ತಿತಪ್ಪಾ?”

“ಮಾನಾಂಗ್, ದಮ್ಮಯ್ಯ,” ಎರ್ಲಿಂಡಾ ಮೊಣಕೈ ಹಿಡಿದು ಹಲ್ಲುಕಚ್ಚಿ ಪಿಸುಗುಟ್ಟಿದಳು. “ಬೀಗರ ಮುಂದೆ ರಂಪ ಮಾಡಬೇಡಿ. ಮದುವೆ ಆದ್ಮೇಲೆ ಹುಡುಗರು ಇಲ್ಲೇ ಇರ್ತಾರೆ ಅಂತ ಹೇಳಿಬಿಟ್ಟಿದೀನಿ. ನಿಮಗೆ ನಮ್ಮನೇಲಿ ಚಾಪೆ ಇದ್ದೇ ಇದೆಯಲ್ಲ.”

ಚಾಪೆ! ಕ್ರಿಸ್ಪಿನಾಗೆ ರಕ್ತ ತಲೆಗೇರಿತು. ಬಾಯಿ ಬಿಡಬೇಕು ಎನ್ನುವಷ್ಟರಲ್ಲಿ ಪಾದ್ರಿಯವರು ತೀರ್ಥದ ಪಾತ್ರೆ ಹಿಡಿದು ಬೇಲಿ ದಾಟಿ ಬಂದರು, ಹಿಂದೆ ಊರೆಲ್ಲ ಬಂತು. “ನಾಳೆ ಬೆಳಿಗ್ಗೆ ನಾನೇ ಹಾರೆ ತರ್ತೀನಿ ಎರ್ಲಿಂಡಾ,” ಎಂದಷ್ಟೇ ಹೇಳಿ ತಲೆಗೆ ಪ್ರಾರ್ಥನೆಯ ಜಾಲರಿ ಮುಸುಕು ಹೊದ್ದುಕೊಂಡಳು.

ಆದರೆ ನಾಳೆಯವರೆಗೆ ಕಾಯಬೇಕಾಗಲಿಲ್ಲ. ಪಾದ್ರಿಯ ಹಿಂದೆ ಮೊದಲು ಏರಿದವಳು ಲೋಲಾ ಪಾಸಿಂಗ್, ತೊಂಬತ್ತು ದಾಟಿದ ಅಜ್ಜಿ, ಊರಿನ ಎಲ್ಲ ಹೊಸ ಮನೆಗಳ ಮೆಟ್ಟಿಲು ಎಣಿಸಿದವಳು. ಕೈಯೂರಿ ಒಂದೊಂದೇ ಏರುತ್ತ ಊರಿಗೆಲ್ಲ ಕೇಳುವ ಹಾಗೆ ಎಣಿಸಿದಳು.

“ಚಿನ್ನ. ಬೆಳ್ಳಿ. ಸಾವು. ಚಿನ್ನ. ಬೆಳ್ಳಿ. ಸಾವು. ಚಿನ್ನ. ಬೆಳ್ಳಿ...” ಬಾಗಿಲೆದುರು ಕಾಲಿಟ್ಟವಳು ಅಲ್ಲೇ ನಿಂತಳು. “ಅಯ್ಯೋ, ಏಸುವೇ. ಸಾವು.”

ಬೀಗಿತ್ತಿ ಎತ್ತಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡಳು. ಮದುವಣಗಿತ್ತಿ ಹಣೆಗೆ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು. “ಇಗರ್ಜಿ ಮೆಟ್ಟಿಲು ಎಣಿಸೋದಿಲ್ಲಮ್ಮ,” ಎಂದರು ಪಾದ್ರಿಯವರು, ಆದರೆ ತಾವು ನಿಂತ ಮೆಟ್ಟಿಲಿಂದ ಒಂದು ಮೆಟ್ಟಿಲು ಕೆಳಗಿಳಿದೇ ಹೇಳಿದರು.

“ನನ್ನ ಮಗಳು ಈ ಮನೇಲಿ ಬಾಳಬೇಕಾ?” ಬೀಗಿತ್ತಿ ಎರ್ಲಿಂಡಾಳ ಕಡೆ ತಿರುಗಿದಳು. “ಒಂಬತ್ತು ಮೆಟ್ಟಿಲು ಕಟ್ಟೋವಾಗ ನಿಮಗೆ ಕಣ್ಣಿರಲಿಲ್ವಾ?”

ಎರ್ಲಿಂಡಾಳ ಮುಖದಲ್ಲಿ ರಕ್ತವಿರಲಿಲ್ಲ. ಬಡಿಗೆ ಮುಚ್ಚಿ ಮಾನ ಉಳಿಸಿಕೊಳ್ಳುವ ಅವಸರದಲ್ಲಿ ಅವಳು ಲೆಕ್ಕವನ್ನೇ ಮರೆತಿದ್ದಳು. ಮಗನ ಹಲ್ಲು ಬಿದ್ದರೂ ಯಾವ ವಾರ ಬಿತ್ತೆಂದು ನೋಡುವ ಹೆಂಗಸು! “ಹತ್ತಿದೆ, ಹತ್ತೇ ಇದೆ!” ಎಂದು ಕಿರುಚಿದಳು. “ಒಂದು ಕೆಳಗಿದೆ. ರಾಮಿಲ್, ಒಡೆಯೋ! ಈಗಲೇ ಒಡೆ!”

“ಬೇಡ ಬೇಡ,” ಕ್ರಿಸ್ಪಿನಾ ಅಡ್ಡ ನಿಂತಳು. “ಕಾರು ಹೂತ್ಕೊಳುತ್ತೆ. ನನ್ನ ಕಾಲಿಗೆ ಕೆಸರಾಗುತ್ತೆ.”

“ಮಾನಾಂಗ್, ನಿಮ್ಮ ಕಾಲಿಗೆ ಬೀಳ್ತೀನಿ.”

“ಕೆಳಗೆ ಏನಿದೆ ಅಂತ ಬೀಗರಿಗೆ ಹೇಳು. ಆಮೇಲೆ ಒಡೆಯಲಿ. ಅವರೂ ತಿಳ್ಕೊಳ್ಲಿ.”

ಎರ್ಲಿಂಡಾ ಸುತ್ತ ನೋಡಿದಳು. ಊರಿಗೆ ಊರೇ ಅವಳ ಬಾಯಿ ನೋಡುತ್ತಿತ್ತು. “ಬಟ್ಟೆ ಬಡಿಯೋ ಬಡಿಗೆ,” ಎಂದಳು ಮೆಲ್ಲಗೆ.

“ಯಾರ ಬಡಿಗೆ?” ಎಂದಳು ಬೀಗಿತ್ತಿ.

“ಮಾನಾಂಗ್ ಅವರದು. ಕಂಡವರ ಮನೇಲಿ ಬಟ್ಟೆ ಒಗೀತಿದ್ರು. ವ್ಯಾಪಾರ ಗೀಪಾರ ಏನೂ ಇಲ್ಲ.” ಇಷ್ಟು ಹೇಳಿ ಅವಳು ನಿಲ್ಲಬಹುದಿತ್ತು. ಆದರೆ ಯಾಕೋ ಮಾತು ತಾನಾಗಿ ಬಂತು. “ಅದರಿಂದಲೇ ನಮ್ಮನ್ನೆಲ್ಲ ಸಾಕಿದ್ದು. ರಾಮಿಲ್ ಓದಿದ್ದೂ ಅದರಿಂದಲೇ.”

ಕ್ರಿಸ್ಪಿನಾ ಆ ಮಾತಿಗೆ ಸಿದ್ಧಳಾಗಿರಲಿಲ್ಲ. ಅವಳಿಗೂ ಕಣ್ಣು ಮಂಜಾಯಿತು. ಆದರೂ ಅಡ್ಡ ನಿಂತ ಜಾಗದಿಂದ ಸರಿದದ್ದು ಒಂದೇ ಹೆಜ್ಜೆ. “ಹಾರೆ ತಗೋ ರಾಮಿಲ್.”

ಇಂಜಿನಿಯರು ತಾನೇ ಹೋಗಿ ಕಾರು ಹಿಂದಕ್ಕೆ ತೆಗೆದ. ರಾಮಿಲ್ ಬಾರೋಂಗ್ ತೋಳು ಮಡಿಸಿಕೊಂಡು ಮೂರು ದಿನದ ಸಿಮೆಂಟಿಗೆ ಹಾರೆ ಹಾಕಿದ. ಬೆವರು, ಧೂಳು, ಕೆಸರು ಸೇರಿ ಅಂಗಿ ನೆಲ ಒರೆಸುವ ಬಟ್ಟೆಯ ಹಾಗಾಯಿತು. ಮಾನೊಂಗ್ ಇಸ್ಕೋ ಮೊಣಕಾಲೂರಿ ಕೂತು ಜಲ್ಲಿಯನ್ನು ಕೈಯಿಂದಲೇ ತೆಗೆದು ತೆಗೆದು ಒರೆಸಿದ. ಒಂದು ಮೂಲೆ ಕಿತ್ತುಹೋಗಿದ್ದರೂ ಬಡಿಗೆ ಇತ್ತು, ಗುಳ್ಳೆಗಳಿದ್ದವು, ಸೂರ್ಯನಿದ್ದ.

“ಅಂಗಿ ಕೊಳೆ ಆಯ್ತು ಅಂತ ನನ್ನ ಹತ್ರ ತರಬೇಡ,” ಎಂದಳು ಕ್ರಿಸ್ಪಿನಾ. “ನೀನೇ ಒಗ್ಕೋ.”

ಅಲ್ಲಿಯವರೆಗೆ ಬಿಗಿಹಿಡಿದಿದ್ದ ಊರು ಗೊಳ್ಳೆಂದಿತು. ಲೋಲಾ ಪಾಸಿಂಗ್ ಇಳಿದು ಬಂದು ಮತ್ತೆ ಮೊದಲಿಂದ ಏರಿದಳು. ಈ ಸಲ ಇಡೀ ಅಂಗಳವೇ ಅವಳ ಜತೆ ಎಣಿಸಿತು, ಹತ್ತಕ್ಕೆ “ಚಿನ್ನ!” ಎಂದು ಕೂಗಿತು. ಪಾದ್ರಿಯವರು ತೀರ್ಥ ಚಿಮುಕಿಸಿದರು, ಓಡುವ ಕುದುರೆಗೂ ನಾಲ್ಕು ಹನಿ ಬಿತ್ತು.

ಅಂಟಕ್ಕಿಯ ತಿಂಡಿ ತಿನ್ನುತ್ತ ಬೀಗಿತ್ತಿ ಮತ್ಸ್ಯಕನ್ಯೆಯನ್ನು ನೋಡಿ ನೋಡಿ, “ಚೆನ್ನಾಗಿದೆ ಕಣ್ರೀ, ಆದ್ರೆ ಹುಡುಗರು ಬಂದ್ಮೇಲೆ ಬಣ್ಣ ಬದಲಾಯಿಸ್ತೀರಲ್ಲ?” ಎಂದಳು.

“ಹುಡುಗರು ಬರಲಿ, ಭಾನುವಾರ ಊಟ ಮಾಡಿ ಹೋಗಲಿ. ಮದುವೆಗೆ ನಾನೂ ಬರ್ತೀನಿ, ಕುಣೀತೀನಿ. ಮನೆ ಮಾತ್ರ ನಂದು,” ಎಂದಳು ಕ್ರಿಸ್ಪಿನಾ. ಎರ್ಲಿಂಡಾ ತಟ್ಟೆಯಿಂದ ತಲೆ ಎತ್ತಲಿಲ್ಲ, ಆದರೆ ಎದುರಾಡಲೂ ಇಲ್ಲ.

ಬಾಗಿಲ ನೆತ್ತಿಯ ಮೇಲೆ, ಜೀಪ್ನಿಯ ಹಣೆಗೆ ಹಾಕುವಂಥದೇ ಒಂದು ಹಲಗೆ ಖಾಲಿ ಉಳಿದಿತ್ತು. ಸೌದಿಗೆ ಹೋಗಿ ದುಡಿದು ಬಂದವರು ಆ ದುಡ್ಡಲ್ಲಿ ಕೊಂಡ ಗಾಡಿಯ ಹಲಗೆಗೆ ‘ಸೌದಿಯಲ್ಲಿ ಹಿಂಡಿದ ರಸ’ ಎಂದು ಹೆಮ್ಮೆಯಿಂದ ಬರೆಸುತ್ತಾರೆ. ಮಾನೊಂಗ್ ಇಸ್ಕೋ ಏಣಿ ಹತ್ತಿ, ಕುಂಚವನ್ನು ಕೆಂಪಿನಲ್ಲಿ ಅದ್ದಿ ಕೇಳಿದ. “ಇಲ್ಲೇನು ಬರೀಲಿ ಇಂದಾಯ್? ಒಗೆತದಲ್ಲಿ ಹಿಂಡಿದ ರಸ ಅಂತ ಬರೀಲಾ?”

ಕ್ರಿಸ್ಪಿನಾ ಕೆಳಗಿನ ಮೆಟ್ಟಿಲವರೆಗೂ ಒಂದು ಸಲ ನೋಡಿದಳು. “ಅದು ಕೆಳಗೇ ಇದೆಯಲ್ಲ, ಎಲ್ಲರೂ ನೋಡಿದ್ರು,” ಎಂದಳು. ಆಮೇಲೆ ಕೈಬೆರಳ ಗೆಣ್ಣಿನಿಂದ ಬಾಗಿಲ ಚೌಕಟ್ಟನ್ನು ಎರಡು ಸಲ ಬಡಿದಳು.

“‘ಇಲ್ಲೇ ಇಳೀತೀನಿ’ ಅಂತ ಬರೀರಿ.”